ವೇಷದ ಪಂದ್ಯ, ಯಾರ ತೀರ್ಪು?

ಸ್ಲೊವಾಕಿಯಾದ ರಾಜಧಾನಿ ಬ್ರಾಟಿಸ್ಲಾವಾದಲ್ಲಿ ಜಾಮೊತ್ಸ್ಕಾ ಅಂತ ಒಂದು ಬೀದಿ. ಅಲ್ಲಿ ತೆಪ್ಲಾರೆನ್ ಅನ್ನೋ ಸಣ್ಣ ಬಾರು ಇತ್ತು. ಮನೆಯಲ್ಲಿ, ಊರಲ್ಲಿ, ಇಗರ್ಜಿಯಲ್ಲಿ ತಲೆ ತಗ್ಗಿಸಿ ಬದುಕುವ ಲೈಂಗಿಕ ಅಲ್ಪಸಂಖ್ಯಾತರು ಅಲ್ಲಿ ಬಂದು ತಲೆಯೆತ್ತಿ ಕೂರುತ್ತಿದ್ದರು. 2022ರ ಅಕ್ಟೋಬರ್ 12ರ ಸಂಜೆ 19 ವರ್ಷದ ಹುಡುಗನೊಬ್ಬ ಆ ಬಾಗಿಲಿಗೆ ಪಿಸ್ತೂಲು ಹಿಡಿದು ಬಂದ. ಹೊರಗಿದ್ದ ಇಬ್ಬರು ಸತ್ತರು. ಒಬ್ಬ ಹೆಣ್ಣುಮಗಳು ಗಾಯಗೊಂಡಳು. ಕೊಂದವನೂ ಮರುದಿನ ಬೆಳಿಗ್ಗೆ ಹೆಣವಾಗಿ ಸಿಕ್ಕಿದ. ಅವನು ಪ್ರಕಟಿಸಿದ ಹೇಳಿಕೆಯ ತುಂಬ ಯಹೂದಿಗಳ ಮೇಲೆ, ಇಂಥ ಜನರ ಮೇಲೆ ಕಾರಿದ ವಿಷವಿತ್ತು.

ಸ್ಲೊವಾಕಿಯಾದ ರಾತ್ರಿ ಕ್ಲಬ್ಬುಗಳಲ್ಲಿ ನಡೆಯುವ ಡ್ರ್ಯಾಗ್ ಪಂದ್ಯಗಳ ಬಗ್ಗೆ ಬರೆಯಲು ಹೊರಟ ನಾವು ಈ ಸಾವುಗಳನ್ನು ಬದಿಗಿಟ್ಟು ಬರೆಯಲಾರೆವು. ಈ ಮಾತೆತ್ತಿದರೆ ನಮ್ಮವರಲ್ಲೇ ಕೆಲವರು ಮುಖ ಸಿಂಡರಿಸ್ತಾರೆ. 'ಇಲ್ಲಿ ಕೂಲಿಗೆ ಗತಿಯಿಲ್ಲ, ಕುಡಿಯೋಕೆ ನೀರಿಲ್ಲ, ಯುರೋಪಿನ ಬಾರಿನ ಕುಣಿತ ಕಟ್ಟಿಕೊಂಡು ನಮಗೇನಾಗಬೇಕು?' ಅಂತಾರೆ. ಪ್ರಶ್ನೆ ಸುಳ್ಳಲ್ಲ. ಆದರೆ ನೋವಿಗೂ ಪಂಕ್ತಿಭೇದ ಮಾಡೋದನ್ನು ನಾವು ಯಾರಿಂದ ಕಲಿತೆವು ಅನ್ನೋದನ್ನೂ ಕೇಳಿಕೊಳ್ಳಬೇಕಲ್ಲ?

ಮೊದಲು ಆ ಬಾರಿನ ಹೆಸರನ್ನೇ ನೋಡೋಣ. ತೆಪ್ಲಾರೆನ್ ಅಂದರೆ ಊರಿಗೆಲ್ಲ ಬಿಸಿ ಹಂಚುವ ಸ್ಥಾವರ. ಚಳಿ ದೇಶದಲ್ಲಿ ಅದಿಲ್ಲದೆ ಮನೆ ಬೆಚ್ಚಗಾಗೋಲ್ಲ. ಆದರೆ ಅದೇ ಭಾಷೆಯಲ್ಲಿ 'ಬೆಚ್ಚಗಿನವನು' ಅನ್ನೋದು ಗಂಡನ್ನು ಪ್ರೀತಿಸುವ ಗಂಡಿಗೆ ಬೀದಿಯಲ್ಲಿ ಎಸೆಯುವ ಬೈಗುಳ. ಆ ಜನ ಬೈಗುಳವನ್ನೇ ಎತ್ತಿಕೊಂಡು ಬಾಗಿಲ ಮೇಲೆ ಫಲಕ ಮಾಡಿ ತೂಗುಹಾಕಿದರು. ಬೈಗುಳವನ್ನು ಹೆಸರಾಗಿಸಿಕೊಳ್ಳುವ ಈ ಛಲ ನಮ್ಮ ಓದುಗರಿಗೆ ಯಾರೂ ಬಿಡಿಸಿ ಹೇಳಬೇಕಾದದ್ದಲ್ಲ.

ಇನ್ನು ಪಂದ್ಯ. ರಾತ್ರಿಗೊಂದು ವಿಷಯ ಕೊಡ್ತಾರೆ: ಹಳೆ ಸಿನಿಮಾ, ಅಜ್ಜಿಕತೆ, ದೆವ್ವಭೂತ, ಕಳೆದುಹೋದ ಯಾವುದೋ ದಶಕ. ಸ್ಪರ್ಧಿ ಅದಕ್ಕೆ ತಕ್ಕ ವೇಷ ಕಟ್ಟಿಕೊಂಡು ಬರಬೇಕು. ಬಟ್ಟೆ ಹೊಲಿಯೋದು, ಟೋಪನ್ ಬಾಚೋದು, ಗಂಟೆಗಟ್ಟಲೆ ಕನ್ನಡಿ ಮುಂದೆ ಕೂತು ಬಣ್ಣ ಹಚ್ಚೋದು, ಬಹಳ ಸಲ ಎಲ್ಲ ತನ್ನ ಕೈಯಿಂದಲೇ ಆಗಬೇಕು. ವೇದಿಕೆ ಮೇಲೆ ನಡೆದು ತೋರಿಸಬೇಕು, ಹಾಡಿಗೆ ತುಟಿ ಆಡಿಸಬೇಕು, ನಗಿಸಬೇಕು. ತೀರ್ಪುಗಾರರೂ ಸಭೆಯ ಚಪ್ಪಾಳೆಯೂ ಸೇರಿ ಗೆದ್ದವರನ್ನು ಆರಿಸುತ್ತವೆ. ಚೆಕ್ ಮತ್ತು ಸ್ಲೊವಾಕ್ ಜನಕ್ಕೆ ಗಂಡು ಹೆಣ್ಣುವೇಷ ಹಾಕೋದು ಹೊಸದೇನಲ್ಲ. 'ಟ್ರಾವೆಸ್ತಿ' ಅನ್ನೋ ಹಾಸ್ಯದಾಟ ಅಲ್ಲಿ ಮೊದಲೇ ಇತ್ತು. ಹೆಸರಾಂತ ಗಾಯಕಿಯರನ್ನು ಅಣಕಿಸಿ ಸಂಭಾವಿತ ಸಂಸಾರಸ್ಥರನ್ನು ನಗಿಸುವ ಆಟ ಅದು. ಅವರು ನಕ್ಕು, ದುಡ್ಡು ಕೊಟ್ಟು ಮನೆಗೆ ಹೋದರೆ ಅಲ್ಲಿಗೆ ಮುಗೀತು. ವೇಷ ಕಳಚಿದವನ ಬದುಕು ಅವರಿಗೆ ಬೇಡ. ಡ್ರ್ಯಾಗ್ ಪಂದ್ಯದಲ್ಲಿ ಆಡುವವರೂ ನೋಡುವವರೂ ಬಹುಮಟ್ಟಿಗೆ ಒಂದೇ ಕೇರಿಯವರು. ಇಲ್ಲಿ ನಗು ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಈ ವ್ಯತ್ಯಾಸ ತಿಳಿಯದೆ ಎರಡನ್ನೂ 'ಹೆಣ್ಣುವೇಷದ ತಮಾಷೆ' ಅಂತ ಒಂದೇ ತಕ್ಕಡಿಗೆ ಹಾಕುವ ವಿಮರ್ಶೆ ಕುರುಡು ವಿಮರ್ಶೆ.

ಈ ಪಂದ್ಯದ ಬೇರು ಯುರೋಪಿನದಲ್ಲ. ವಿಲಿಯಂ ಡಾರ್ಸಿ ಸ್ವಾನ್ ಅಮೆರಿಕದ ಮೇರಿಲ್ಯಾಂಡಿನಲ್ಲಿ ಗುಲಾಮನಾಗಿ ಹುಟ್ಟಿದ ಕರಿಯ. 1880ರ ದಶಕದಲ್ಲಿ ವಾಷಿಂಗ್ಟನ್ನಿನಲ್ಲಿ ಗುಟ್ಟಾಗಿ ಗೆಳೆಯರನ್ನು ಸೇರಿಸಿ, ರೇಷ್ಮೆ ಉಡುಪು ತೊಟ್ಟು, ತನ್ನನ್ನು 'ರಾಣಿ' ಅಂತ ಕರೆದುಕೊಂಡ. ಅಲ್ಲಿ ಕೇಕ್‌ವಾಕ್ ಕುಣಿಯುತ್ತಿದ್ದರು. ತೋಟದ ಗುಲಾಮರು ಧಣಿಗಳ ಠೀವಿಯನ್ನು ಅಣಕಿಸಿ ಬಹುಮಾನಕ್ಕಾಗಿ ಆಡುತ್ತಿದ್ದ ಕುಣಿತ ಅದು. 1888ರಲ್ಲಿ ಪೊಲೀಸರು ನುಗ್ಗಿ ಅವನನ್ನು ಹಿಡಿದರು. 1896ರಲ್ಲಿ ಹತ್ತು ತಿಂಗಳ ಜೈಲಾಯಿತು. ಸ್ವಾನ್ ಸುಮ್ಮನಿರಲಿಲ್ಲ, ಕ್ಷಮಾದಾನ ಕೇಳಿ ಅಧ್ಯಕ್ಷ ಕ್ಲೀವ್‌ಲ್ಯಾಂಡನಿಗೇ ಅರ್ಜಿ ಹಾಕಿದ. ಅಧ್ಯಕ್ಷ ಒಪ್ಪಲಿಲ್ಲ.

ಮುಂದೆ 1967ರಲ್ಲಿ ನ್ಯೂಯಾರ್ಕಿನ ಒಂದು ಪಂದ್ಯದಲ್ಲಿ ಕ್ರಿಸ್ಟಲ್ ಲಾಬೇಜಾ ಅನ್ನೋ ಕಪ್ಪು ಸ್ಪರ್ಧಿ, ಬಿಳಿಯರಿಗೇ ಕಿರೀಟ ಹೋಗುವ ತೀರ್ಪನ್ನು ಎಲ್ಲರೆದುರೇ ಧಿಕ್ಕರಿಸಿದಳು. ಆಮೇಲೆ 1972ರ ಸುಮಾರಿಗೆ ಕಪ್ಪು ಜನರದ್ದೇ ಪಂದ್ಯ, ಅವರದ್ದೇ 'ಮನೆ' ಕಟ್ಟಿದಳು. ಅದೇ 1972ರಲ್ಲಿ ಮುಂಬಯಿಯಲ್ಲಿ ಕರಿಯರ ಬ್ಲ್ಯಾಕ್ ಪ್ಯಾಂಥರ್ ಹೆಸರು ಹೊತ್ತು ದಲಿತ ಪ್ಯಾಂಥರ್ಸ್ ಹುಟ್ಟಿತು. ಈ ಎರಡಕ್ಕೆ ಒಂದಕ್ಕೊಂದರ ಪರಿಚಯವಿತ್ತು ಅಂತ ನಾವು ಹೇಳ್ತಿಲ್ಲ. ನಿಮ್ಮ ತೀರ್ಪುಗಾರರು ನಮಗೆ ಬೇಡ ಅನ್ನೋ ಮಾತು ಎರಡರಲ್ಲೂ ಒಂದೇ ಅಂತಷ್ಟೇ ನಮ್ಮ ಮಾತು.

ಆದರೆ ಬ್ರಾಟಿಸ್ಲಾವಾಕ್ಕೆ ಈ ಕಲೆ ಸ್ವಾನನ ಜೈಲಿನ ದಾರಿಯಿಂದ ಬಂದದ್ದು ಕಡಿಮೆ, 2009ರಲ್ಲಿ ಶುರುವಾದ ರೂಪಾಲ್‌ನ ಟೀವಿ ಪಂದ್ಯದ ದಾರಿಯಿಂದ ಬಂದದ್ದು ಹೆಚ್ಚು. ಅದರಿಂದ ಧೈರ್ಯ ಬಂತು, ನಿಜ. ಜೊತೆಗೆ ಬಂಡವಾಳಶಾಹಿಯ ಅಂಕಪಟ್ಟಿಯೂ ಬಂತು. ಟೋಪನ್ನಿಗೆ, ಬಣ್ಣಕ್ಕೆ, ಬಟ್ಟೆಗೆ ಯಾರ ಹತ್ತಿರ ಹೆಚ್ಚು ದುಡ್ಡಿದೆಯೋ ಅವರೇ ಚೆಲುವೆ ಅನ್ನೋ ಹಾಗಾದರೆ, ತೀರ್ಪನ್ನು ಧಿಕ್ಕರಿಸಲು ಹುಟ್ಟಿದ ಪಂದ್ಯ ಹಳೇ ತೀರ್ಪನ್ನೇ ಓದಿದ ಹಾಗಾಯಿತು. 1990ರ 'ಪ್ಯಾರಿಸ್ ಈಸ್ ಬರ್ನಿಂಗ್' ಚಿತ್ರ ನೋಡಿ ಕಪ್ಪು ವಿಮರ್ಶಕಿ ಬೆಲ್ ಹುಕ್ಸ್ ಎತ್ತಿದ ಆಕ್ಷೇಪವೂ ಇಂಥದೇ: ಇಲ್ಲಿ ಆರಾಧನೆ ಆಗ್ತಿರೋದು ಆಳುವ ವರ್ಗದ ಬಿಳಿ ಹೆಣ್ಣಿನ ರೂಪವಲ್ಲವೇ? ಈ ಪ್ರಶ್ನೆಯನ್ನು ಸ್ಲೊವಾಕಿಯಾದ ವೇದಿಕೆಗೂ ಕೇಳಬೇಕು. ಗೆಳೆಯರಾದ್ದರಿಂದಲೇ ಕೇಳಬೇಕು.

ಇನ್ನೂ ಒಂದು ಪ್ರಶ್ನೆ ಇದೆ. ಆ ದೇಶದಲ್ಲಿ ರೋಮಾ ಜನರಿದ್ದಾರೆ. ನೂರಾರು ವರ್ಷಗಳ ಹಿಂದೆ ಭಾರತದಿಂದ ಹೊರಟವರು. ಎರಡು, ಮೂರು, ಐದಕ್ಕೆ ಇವತ್ತಿಗೂ 'ದುಯ್, ತ್ರಿನ್, ಪಂಜ್' ಅಂತಾರೆ. ಅವರಲ್ಲಿ ಎಷ್ಟೋ ಮಂದಿ ಊರಾಚೆಯ ಕೇರಿಗಳಲ್ಲಿದ್ದಾರೆ. ರೋಮಾ ಮಕ್ಕಳನ್ನು ಶಾಲೆಯಲ್ಲಿ ಬೇರೆ ಕೂರಿಸುವುದರ ಮೇಲೆ 2023ರಲ್ಲಿ ಯುರೋಪಿಯನ್ ಕಮಿಷನ್ ಸ್ಲೊವಾಕಿಯಾವನ್ನು ಯುರೋಪಿನ ನ್ಯಾಯಾಲಯಕ್ಕೆ ಎಳೆಯಿತು. ರೋಮಾ ಹೆಂಗಸರಿಗೆ ಒಪ್ಪಿಗೆಯಿಲ್ಲದೆ ಸಂತಾನಹರಣ ಮಾಡಿಸಿದ್ದಕ್ಕೆ ಅಲ್ಲಿನ ಸರ್ಕಾರ ಕ್ಷಮೆ ಕೇಳಿದ್ದು 2021ರ ನವೆಂಬರಿನಲ್ಲಿ. ಆ ಕೇರಿಯಲ್ಲಿ ಹುಟ್ಟಿದ, ಗಂಡೋ ಹೆಣ್ಣೋ ಎಂಬ ಚೌಕಟ್ಟಿಗೆ ಸಿಗದ ಒಂದು ಜೀವ ರಾಜಧಾನಿಯ ರಾತ್ರಿಪಂದ್ಯದ ಬಾಗಿಲು ಹೇಗೆ ತಲುಪಬೇಕು? ಬಸ್ ಚಾರ್ಜು ಯಾರು ಕೊಡ್ತಾರೆ? ಬಾಗಿಲಲ್ಲಿ ಬಣ್ಣ ನೋಡಿ ತಡೆಯೋಲ್ಲ ಅಂತ ಯಾರು ಹೇಳ್ತಾರೆ? ಬಿಡುಗಡೆಯ ವೇದಿಕೆಗೂ ಮೆಟ್ಟಿಲುಗಳಿವೆ. ಆ ಮೆಟ್ಟಿಲು ಹತ್ತಲಾರದವರನ್ನು ಲೆಕ್ಕಕ್ಕೆ ತಗೊಳ್ಳದ ಹಬ್ಬ ಅರ್ಧ ಹಬ್ಬ.

ಇಷ್ಟು ಹೇಳಿದ ಮೇಲೂ ನಾವು ಆ ವೇದಿಕೆಯ ಪರವಾಗಿಯೇ ನಿಲ್ಲುತ್ತೇವೆ. ಯಾಕೆಂದರೆ ಎದುರಿಗೆ ನಿಂತಿರೋದು ಪ್ರಭುತ್ವ. ಹಳೇ ಚೆಕೊಸ್ಲೊವಾಕಿಯಾ 1961ರ ಕಾನೂನಿನಲ್ಲೇ ವಯಸ್ಕರ ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆದಿತ್ತು. ಕಾನೂನು ತೆಗೆದದ್ದನ್ನು ಮನಸ್ಸು ತೆಗೆಯಲಿಲ್ಲ. 2014ರಲ್ಲಿ ಮದುವೆ ಅಂದರೆ ಒಂದು ಗಂಡು ಒಂದು ಹೆಣ್ಣು ಅಂತ ಸಂವಿಧಾನಕ್ಕೇ ಸೇರಿಸಿದರು. 2015ರ ಫೆಬ್ರವರಿಯಲ್ಲಿ ಅಂಥದ್ದೇ ಇನ್ನಷ್ಟು ಕಟ್ಟುಪಾಡಿಗೆ ಜನಮತ ಕೇಳಿದಾಗ ನೂರಕ್ಕೆ 21ರಷ್ಟು ಜನ ಮಾತ್ರ ಮತಗಟ್ಟೆಗೆ ಹೋದರು, ಅದು ಬಿದ್ದುಹೋಯಿತು. ಜನಸಾಮಾನ್ಯರಿಗೆ ಇಲ್ಲದ ಆತುರ ರಾಜಕಾರಣಿಗಳಿಗೆ, ಧರ್ಮಗುರುಗಳಿಗೆ ಇತ್ತು. 2022ರ ಕೊಲೆಗಳಾದಾಗ ಸಾವಿರಾರು ಜನ ಬೀದಿಗಿಳಿದರು. ಅಂದಿನ ಅಧ್ಯಕ್ಷೆ ಜುಜಾನಾ ಚಾಪುತೋವಾ ಆ ಸಭೆಗೆ ಬಂದು, ನಿಮ್ಮವರನ್ನು ಕಾಪಾಡಲು ನಮ್ಮಿಂದಾಗಲಿಲ್ಲ ಅಂತ ನೊಂದುಕೊಂಡರು. ಅದೇ ತಿಂಗಳು ಸಲಿಂಗ ಜೋಡಿಗಳಿಗೆ ಒಂದಿಷ್ಟು ಹಕ್ಕು ಕೊಡುವ ಮಸೂದೆಯನ್ನು ಪಾರ್ಲಿಮೆಂಟು ತಳ್ಳಿಹಾಕಿತು. 2024ರ ಆಗಸ್ಟಿನಲ್ಲಿ ಸಂಸ್ಕೃತಿ ಸಚಿವೆ ಮಾರ್ತಿನಾ ಶಿಮ್ಕೊವಿಚೊವಾ ರಾಷ್ಟ್ರೀಯ ರಂಗಮಂದಿರದ, ರಾಷ್ಟ್ರೀಯ ಕಲಾ ಗ್ಯಾಲರಿಯ ಮುಖ್ಯಸ್ಥರನ್ನು ಕಿತ್ತುಹಾಕಿದರು. 2025ರ ಸೆಪ್ಟೆಂಬರ್ 26ರಂದು 150 ಸದಸ್ಯರ ಸಭೆಯಲ್ಲಿ ಬೇಕಾದಷ್ಟೇ, ಅಂದರೆ 90 ಮತ ಕೂಡಿಸಿ, ಗಂಡು ಹೆಣ್ಣು ಎರಡೇ ಲಿಂಗ ಅಂತ ಸಂವಿಧಾನದಲ್ಲಿ ಬರೆದರು.

ಸಂವಿಧಾನದ ನೈತಿಕತೆ ತಾನಾಗಿ ಹುಟ್ಟೋದಲ್ಲ, ಜನ ಅದನ್ನು ಕಲಿತು ಬೆಳೆಸಬೇಕು ಅಂತ ಬಾಬಾಸಾಹೇಬರು 1948ರ ನವೆಂಬರ್ 4ರಂದು ನಮ್ಮ ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದರು. ಸ್ಲೊವಾಕಿಯಾದಲ್ಲಿ ಆದದ್ದು ಅದರ ತಿರುವುಮುರುವು: ಬಹುಸಂಖ್ಯಾತರ ನೀತಿಯನ್ನೇ ಸಂವಿಧಾನ ಅಂತ ಕರೆದರು. ಆ ಸಂವಿಧಾನದ ಪ್ರಕಾರ ಇಲ್ಲದೇ ಇರುವ ಜೀವವೊಂದು ರಾತ್ರಿ ಟೋಪನ್ ಇಟ್ಟು, ಬಣ್ಣ ಹಚ್ಚಿ, ತನ್ನವರ ಎದುರು ನಿಂತು 'ನಾನಿದ್ದೀನಿ' ಅನ್ನುತ್ತದೆ. ಅದನ್ನು ಬರೀ ಮನರಂಜನೆ ಅಂತ ತಳ್ಳೋದೂ ತಪ್ಪು, ಅದೇ ಕ್ರಾಂತಿ ಅಂತ ಹೊಗಳಿ ಕೈತೊಳೆದುಕೊಳ್ಳೋದೂ ತಪ್ಪು. ಅದು ಬದುಕಿ ಉಳಿಯೋರ ಕಲೆ. ಗೆಳೆಯರೇ, ನಮ್ಮ ಶಿಬಿರಗಳಲ್ಲಿ, ತರಗತಿಗಳಲ್ಲಿ ಕರಿಯರ ಹೋರಾಟದ ಪಾಠ ಮಾಡುವಾಗ ಸ್ವಾನನ ಹೆಸರನ್ನೂ ಹೇಳೋಣ. ಜಾಮೊತ್ಸ್ಕಾ ಬೀದಿಯಲ್ಲಿ ಸತ್ತ ಆ ಇಬ್ಬರನ್ನೂ ನಮ್ಮ ಹುತಾತ್ಮರ ಸಾಲಿನಲ್ಲಿ ನೆನೆಯೋಣ.