ಕಾಲಕ್ಷೇಪವೂ ಕಾದಂಬರಿಯೂ

ಕಾಲಕ್ಷೇಪವೆಂಬ ಮಾತನ್ನು ನಮ್ಮ ಹಿರಿಯರು ಎರಡು ಬಗೆಯಾಗಿ ಬಳಸುತ್ತಿದ್ದರು. ದೇವಸ್ಥಾನದ ಅಂಗಳದಲ್ಲಿ ದಾಸರು ಹರಿಕಥೆ ಮಾಡಿದರೆ ಅದೂ ಕಾಲಕ್ಷೇಪ. ಅದೇ ದೇವಸ್ಥಾನದ ಹಿಂದಿನ ಜಗಲಿಯಲ್ಲಿ ನಾಲ್ವರು ಕುಳಿತು ಇಸ್ಪೀಟು ಹರಡಿದರೆ ಅದೂ ಕಾಲಕ್ಷೇಪ. ಮೊದಲನೆಯದರಿಂದ ಪುಣ್ಯ; ಎರಡನೆಯದರಿಂದ ಪಾಪವಲ್ಲದಿದ್ದರೂ ಪೋಲಿತನ. ಲೆಕ್ಕ ಬೇರೆ ಬೇರೆಯಾದರೂ ಹೆಸರು ಮಾತ್ರ ಒಂದೇ. ಮನುಷ್ಯ ಹೊತ್ತನ್ನು ಹೇಗೆ ಕಳೆಯುತ್ತಾನೆಂಬುದು ಅವನ ನಂಬಿಕೆಗೆ ಹೊರತಾದ ಸಂಗತಿಯಲ್ಲ ಎಂಬ ಅರಿವು ಭಾಷೆಗೆ ಇತ್ತೆಂದು ತೋರುತ್ತದೆ. ನಮ್ಮ ವಿಮರ್ಶೆಗೆ ಅದು ಇನ್ನೂ ಚೆನ್ನಾಗಿ ಬಂದಂತಿಲ್ಲ.

ಕಾದಂಬರಿಯೊಂದನ್ನು ಕೈಗೆತ್ತಿಕೊಂಡೊಡನೆ ನಾವು ಹುಡುಕುವುದು ಅದರಲ್ಲಿರುವ ನಂಬಿಕೆಯನ್ನು, ಸಮಾಜದ ಕಟ್ಟನ್ನು. ಇವೆರಡರ ನಡುವೆ ಸಿಕ್ಕಿದ ವ್ಯಕ್ತಿಯ ಪಾಡನ್ನು ವಿವರಿಸಿ ಲೇಖನವನ್ನು ಮುಗಿಸುತ್ತೇವೆ. ಅಲ್ಲಿ ಬರುವ ಬಯಲಾಟ, ಕೋಳಿ ಅಂಕ, ಜಾತ್ರೆ, ಡೋಲು, ಹೆಂಡ ಇವೆಲ್ಲ 'ಪ್ರಾದೇಶಿಕ ವಾತಾವರಣ'ದ ಬಾಬಿಗೆ ಹೋಗುತ್ತವೆ. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿಯಂತೂ ಈ ಬಾಬು ತಪ್ಪದೆ ಕೊನೆಯ ಪರಿಚ್ಛೇದದಲ್ಲಿರುತ್ತದೆ. ಹುಡುಗರನ್ನು ದೂರಿ ಫಲವಿಲ್ಲ, ನಾವು ಹೇಳಿಕೊಟ್ಟದ್ದೇ ಹಾಗೆ. ಆದರೆ ಕನ್ನಡದ ಎರಡು ಪ್ರಸಿದ್ಧ ಕಾದಂಬರಿಗಳು ಈ ವಿಂಗಡಣೆಗೆ ಒಗ್ಗುವುದಿಲ್ಲ. ಒಂದು, 1933ರಲ್ಲಿ ಬಂದ ಶಿವರಾಮ ಕಾರಂತರ 'ಚೋಮನ ದುಡಿ'. ಮತ್ತೊಂದು, 1965ರಲ್ಲಿ ಬಂದ ಅನಂತಮೂರ್ತಿಯವರ 'ಸಂಸ್ಕಾರ'.

ಚೋಮನ ಕಥೆ ಓದುಗರಿಗೆ ಹೊಸದಲ್ಲ. ಅವನು ಸಂಕಪ್ಪಯ್ಯನವರ ಜೀತದಾಳು, ಅಸ್ಪೃಶ್ಯ. ತನ್ನದೆನ್ನುವ ಒಂದು ತುಂಡು ಗದ್ದೆಯನ್ನು ತಾನೇ ಉಳಬೇಕೆಂಬುದು ಅವನ ಬಾಳಿನ ಒಂದೇ ಆಸೆ. ಕಾಡಿನಲ್ಲಿ ಸಿಕ್ಕಿದ ಜೋಡಿ ಎತ್ತುಗಳನ್ನು ಅದಕ್ಕಾಗಿಯೇ ಸಾಕಿಕೊಂಡಿದ್ದಾನೆ. ಅವನ ಜಾತಿಯವರು ಬೇಸಾಯಗಾರರಾಗುವ ಪದ್ಧತಿ ಊರಿನಲ್ಲಿಲ್ಲ. ಒಡೆಯರ ಮನಸ್ಸು ಒಂದು ಗಳಿಗೆ ಕರಗಿದರೂ ಮನೆಯ ಹಿರಿಯ ತಾಯಿಯ ಮಾತಿನೆದುರು ಅದು ನಿಲ್ಲುವುದಿಲ್ಲ. ಈ ಪ್ರಸಂಗವನ್ನು ಕಾರಂತರು ಎಷ್ಟು ಸಾಧಾರಣವಾಗಿ ಬರೆದಿದ್ದಾರೆಂಬುದನ್ನು ಗಮನಿಸಬೇಕು. ಅಲ್ಲಿ ಕ್ರೂರಿಗಳಾರೂ ಇಲ್ಲ. ಒಳ್ಳೆಯ ಮನಸ್ಸಿನ ಒಬ್ಬ ಗೃಹಸ್ಥ, ಅಮ್ಮನಿಗೆ ಎದುರಾಡಲಾರದ ಮಗ, ಅಷ್ಟೆ. ಸಮಾಜದ ಒತ್ತಡವೆಂದು ನಾವು ದೊಡ್ಡ ಮಾತಿನಲ್ಲಿ ಹೇಳುವುದು ಎಷ್ಟೋ ಸಲ ಇಂಥ ಸಣ್ಣ ಮುಲಾಜಿನ ರೂಪದಲ್ಲಿಯೇ ಕೆಲಸ ಮಾಡುತ್ತದೆ. ಪುಸ್ತಕವನ್ನು ಓದಿ ಕಣ್ಣೊರಸಿಕೊಳ್ಳುವ ನಮ್ಮಂಥ ಪೇಟೆಯ ಓದುಗರು ತಮ್ಮನ್ನು ಚೋಮನ ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತೇವೆ. ನಮ್ಮ ನಿಜವಾದ ಜಾಗ ಸಂಕಪ್ಪಯ್ಯನವರ ಪಕ್ಕದಲ್ಲಿದೆಯೆಂದು ನನ್ನ ಅನುಮಾನ.

ಮತಾಂತರಗೊಂಡರೆ ಭೂಮಿ ಸಿಗುವ ಆಸೆಯಿದೆ. ಇಬ್ಬರು ಗಂಡುಮಕ್ಕಳು ಸಾಲ ತೀರಿಸಲು ಕಾಫಿ ತೋಟಕ್ಕೆ ಹೋದವರು. ಒಬ್ಬ ಕ್ರೈಸ್ತ ಹುಡುಗಿಯ ಕೈಹಿಡಿದು ಅತ್ತಲೇ ಉಳಿದ, ಇನ್ನೊಬ್ಬ ಕಾಯಿಲೆಯಿಂದ ಸತ್ತ. ಕಿರಿಯ ಮಗ ಹೊಳೆಯಲ್ಲಿ ಮುಳುಗುವಾಗ, ಮುಟ್ಟಬಾರದವನೆಂದು, ಯಾರೂ ಕೈ ನೀಡಲಿಲ್ಲ. ಇಷ್ಟಾದ ಮೇಲೆ ಚೋಮ ಮತ ಬಿಡಲು ಹೊರಡುತ್ತಾನೆ; ನಡುದಾರಿಯಲ್ಲಿ ಪಂಜುರ್ಲಿಯ ನೆನಪು ಅವನನ್ನು ಹಿಂದಕ್ಕೆಳೆಯುತ್ತದೆ. ಊರು ಅವನನ್ನು ಮನುಷ್ಯನೆಂದು ಒಪ್ಪಿಲ್ಲ, ಅವನು ಮಾತ್ರ ಊರಿನ ದೈವವನ್ನು ಬಿಡಲಾರ. ನಂಬಿಕೆಯ ಹಿಡಿತವನ್ನು ಇದಕ್ಕಿಂತ ಕಡಿಮೆ ಮಾತಿನಲ್ಲಿ ತೋರಿಸಿದ ಬರವಣಿಗೆ ನಮ್ಮಲ್ಲಿ ವಿರಳ.

ಇನ್ನು ದುಡಿ. ದಣಿದು ಬಂದ ರಾತ್ರಿ, ಹೆಂಡ ಕುಡಿದ ರಾತ್ರಿ, ದುಃಖದ ರಾತ್ರಿ, ಸಿಟ್ಟಿನ ರಾತ್ರಿ, ಎಲ್ಲದಕ್ಕೂ ಚೋಮನಿಗೆ ದುಡಿಯೇ ಗತಿ. ಈ ದುಡಿಯನ್ನು ಪ್ರತಿಭಟನೆಯ ದನಿಯೆಂದು ಹೇಳುವುದು ಈಗ ವಾಡಿಕೆಯಾಗಿದೆ. ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಪ್ರತಿಭಟನೆಗೆ ಕೇಳುವವನೊಬ್ಬ ಬೇಕು. ಚೋಮನ ದುಡಿ ಊರಿಗೆಲ್ಲ ಕೇಳಿಸುತ್ತದೆ, ಆದರೆ ಯಾರ ನಿದ್ದೆಯನ್ನೂ ಕೆಡಿಸುವುದಿಲ್ಲ. ಚೋಮ ಬಾರಿಸುತ್ತಿದ್ದಾನೆಂದು ಕೇಳಿದವರು ಮಗ್ಗುಲು ಬದಲಿಸುತ್ತಾರೆ. ಒಡೆಯನ ಅಂಗಳದಲ್ಲಿ ಹೊರಬರಬೇಕಾಗಿದ್ದ ಕೋಪ ರಾತ್ರಿಯೆಲ್ಲ ತೊಗಲಿನ ಮೇಲೆ ಬಿದ್ದು ಖರ್ಚಾಗುತ್ತದೆ. ಬೆಳಿಗ್ಗೆ ಎದ್ದ ಚೋಮ ಮತ್ತೆ ಒಳ್ಳೆಯ ಆಳು. ದುಡಿ ಅವನನ್ನು ಬದುಕಿಸಿತೆಂಬುದು ನಿಜ; ಹಾಗೆ ಬದುಕಿಸಿದ್ದರಿಂದಲೇ ಅವನ ಜೀತವನ್ನೂ ಬಾಳಿಸಿತು. ಇದನ್ನು ಕಂಡೂ ಕಾರಂತರು ದುಡಿಯನ್ನು ಹೀಗಳೆಯಲಿಲ್ಲವೆಂಬುದೇ ಕಾದಂಬರಿಯ ಹಿರಿಮೆ. ಆ ಗುಡಿಸಲಿನಲ್ಲಿ ಚೋಮನಿಗೆ ಯಾರ ಅಪ್ಪಣೆಯೂ ಬೇಡದ ವಸ್ತು ಅದೊಂದೇ. ಬಯಲಾಟವನ್ನು ಬಹುಕಾಲ ಅಭ್ಯಾಸ ಮಾಡಿ, 'ಯಕ್ಷಗಾನ ಬಯಲಾಟ' ಎಂಬ ಗ್ರಂಥಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಲೇಖಕರು ಜನರ ಆಟಪಾಟಗಳನ್ನು ಬರಿಯ ಅಲಂಕಾರಕ್ಕಾಗಿ ತಂದಿರಲಾರರು.

ಕೊನೆಗೆ ಅವನು ನೇಗಿಲು ಹೂಡಿ ನೆಲವನ್ನು ಉತ್ತೇ ಉಳುತ್ತಾನೆ. ಅದೊಂದೇ ಅವನ ನಿಜವಾದ ಪ್ರತಿಭಟನೆ. ಅನಂತರ ಎತ್ತುಗಳನ್ನು ಕಾಡಿಗೆ ಅಟ್ಟಿ, ಬಾಗಿಲು ಮುಚ್ಚಿಕೊಂಡು, ದುಡಿ ಬಾರಿಸುತ್ತ ಸಾಯುತ್ತಾನೆ. ನೇಗಿಲನ್ನು ಬಿಟ್ಟು ದುಡಿಗೆ ಮರಳಿದ್ದು ಗೆಲುವೆಂದು ಹೇಗೆ ಹೇಳೋಣ?

ಚೋಮನ ಕಾಲ ಹೋಯಿತು, ಉಳುವವನಿಗೇ ಹೊಲವೆಂಬ ಕಾನೂನು ಬಂದಿತಲ್ಲ ಎನ್ನುವವರಿದ್ದಾರೆ. 1961ರ ಭೂಸುಧಾರಣೆ ಶಾಸನಕ್ಕೆ ಮಾಡಿದ, 1974ರಲ್ಲಿ ಜಾರಿಗೆ ಬಂದ ತಿದ್ದುಪಡಿ ನಮ್ಮ ಕರಾವಳಿಯಲ್ಲಿ ಅನೇಕ ಒಕ್ಕಲುಗಳನ್ನು ಒಡೆಯರನ್ನಾಗಿ ಮಾಡಿತು, ನಿಜ. ಆದರೆ ಅದು ನೆರವಿಗೆ ಬಂದದ್ದು ಗೇಣಿದಾರನಿಗೆ. ಚೋಮ ಗೇಣಿದಾರನಾಗಿರಲಿಲ್ಲ, ಗೇಣಿದಾರನಾಗುವುದೇ ಅವನ ಕನಸಾಗಿತ್ತು. ಆ ಶಾಸನ ಅವನ ಕಾಲಕ್ಕೇ ಬಂದಿದ್ದರೂ ಅವನ ಹೆಸರು ಅರ್ಜಿಯಲ್ಲಿ ಬರುತ್ತಿರಲಿಲ್ಲ.

ದುಡಿಯ ಗುಡಿಸಲಿನಿಂದ 'ಸಂಸ್ಕಾರ'ದ ದೂರ್ವಾಸಪುರಕ್ಕೆ ಬಂದರೆ ಜಾತಿಯ ಏಣಿಯ ಇನ್ನೊಂದು ತುದಿಗೆ ಬಂದಂತೆ. ಇಲ್ಲಿಯೂ ಕಾಲಕ್ಷೇಪವಿದೆ, ಪುಣ್ಯದ ಬಾಬಿನದು. ಪ್ರಾಣೇಶಾಚಾರ್ಯರು ಸಂಜೆ ಅಗ್ರಹಾರದವರಿಗೆ ಪುರಾಣ ಹೇಳುತ್ತಾರೆ. ಅವರು ರಸವತ್ತಾಗಿ ವರ್ಣಿಸಿದ ಶಕುಂತಲೆಯನ್ನು ಕೇಳಿದ ಶ್ರೀಪತಿ ಎಂಬ ತರುಣ ತಡೆಯಲಾರದೆ ಎದ್ದು ಹೊಳೆಯ ಕಡೆಗೆ ಹೋಗುತ್ತಾನೆ, ಅಲ್ಲಿ ಕೇರಿಯ ಹುಡುಗಿ ಬೆಳ್ಳಿಯನ್ನು ಕಾಣುತ್ತಾನೆ. ಈ ಸಂಗತಿಯನ್ನು ಎತ್ತಿ ಆಚಾರ್ಯರನ್ನು ಚುಚ್ಚುವವನು ನಾರಣಪ್ಪ. ಅಂದಿನಿಂದ ಆಚಾರ್ಯರು ನೀತಿಕಥೆಗಳನ್ನಷ್ಟೇ ಹೇಳತೊಡಗುತ್ತಾರೆ. ಕಾದಂಬರಿಯ ಇಡೀ ಸಮಸ್ಯೆ ಈ ಪುಟ್ಟ ಪ್ರಸಂಗದಲ್ಲಿ ಅಡಗಿದೆಯೆಂದರೆ ಅತಿಶಯೋಕ್ತಿಯಲ್ಲ. ಧರ್ಮ ಯಾವುದನ್ನು ದೂರವಿಡಬೇಕೆಂದು ಹೇಳುತ್ತದೆಯೋ ಅದನ್ನೇ ಧರ್ಮದ ಕಾಲಕ್ಷೇಪ ಮನೆಯೊಳಕ್ಕೆ ಕರೆತಂದಿತು. ಆಚಾರ್ಯರಿಗೆ ಕಾವ್ಯ ಬರಿಯ ಪಾಂಡಿತ್ಯವಾಗಿತ್ತು. ಶ್ರೀಪತಿಗೆ ಅದು ಹಸಿವನ್ನು ಎಬ್ಬಿಸಿತು. ಬಯಲಾಟದ ಗೀಳು ಹತ್ತಿದ ಈ ಹುಡುಗನನ್ನು ಅಗ್ರಹಾರ ದೂರುತ್ತದೆ, ಪುರಾಣದ ಜಗಲಿಯನ್ನು ಮಾತ್ರ ದೂರುವುದಿಲ್ಲ.

ಮುಂದೆ ಆಚಾರ್ಯರೇ ಅಗ್ರಹಾರ ಬಿಟ್ಟು ಅಲೆಯುವಾಗ ಪುಟ್ಟನೆಂಬವನು ಜೊತೆಯಾಗಿ ಅವರನ್ನು ಮೇಳಿಗೆಯ ಜಾತ್ರೆಗೆ, ಅಲ್ಲಿಂದ ಕೋಳಿ ಅಂಕಕ್ಕೆ ಕರೆದೊಯ್ಯುತ್ತಾನೆ. ಕಾಲಿಗೆ ಕತ್ತಿ ಕಟ್ಟಿದ ಹುಂಜಗಳು, ಉಸಿರು ಬಿಗಿಹಿಡಿದು ನಿಂತ ಜನ. ಪುಟ್ಟನಿಗೆ ಇದು ಊಟ ನಿದ್ದೆಗಳಷ್ಟೇ ಸಹಜ. ಆಚಾರ್ಯರಿಗೆ ಎದೆ ನಡುಗುತ್ತದೆ. ಚಂದ್ರಿಯನ್ನು ಕೂಡಿದ ಮೇಲೆ ತಾನು ಸಾಮಾನ್ಯರ ಲೋಕಕ್ಕೆ ಸೇರಿದೆನೆಂದುಕೊಂಡವರು ಇಲ್ಲಿ, ಆ ಲೋಕದ ಆಟದ ಮುಂದೆ, ತಾನು ಅಲ್ಲಿಗೂ ಸಲ್ಲುವವನಲ್ಲವೆಂದು ಕಾಣುತ್ತಾರೆ. ನಿಯಮ ಮುರಿದರೆ ಸಾಲದು; ಜೊತೆಗೆ ನಿಂತು ಆಟ ನೋಡಲೂ ಬರಬೇಕು. ಚೋಮನಿಗೆ ಕಾಲಕ್ಷೇಪ ಇದ್ದದ್ದೇ ಬಂಧನವಾದರೆ, ಆಚಾರ್ಯರಿಗೆ ಅದು ಇಲ್ಲದ್ದೇ ಬಂಧನ. ಅನಂತಮೂರ್ತಿಯವರ ಬರವಣಿಗೆ ಈ ಜಾತ್ರೆಯ ಪುಟಗಳಲ್ಲಿ ಕೊಂಚ ಹೆಚ್ಚಾಗಿಯೇ ವಿವರಣೆಗೆ ಇಳಿಯುತ್ತದೆ. ಆಚಾರ್ಯರ ಯೋಚನೆಗಳನ್ನು ಅರ್ಧಕ್ಕೆ ಇಳಿಸಿ ಪುಟ್ಟನಿಗೆ ಇನ್ನಷ್ಟು ಮಾತು ಕೊಟ್ಟಿದ್ದರೆ ನಷ್ಟವಾಗುತ್ತಿರಲಿಲ್ಲ.

ಎರಡೂ ಕೃತಿಗಳು ಚಲನಚಿತ್ರಗಳಾಗಿ, 1970ರ 'ಸಂಸ್ಕಾರ', 1975ರ 'ಚೋಮನ ದುಡಿ', ರಾಷ್ಟ್ರದ ಅತ್ಯುತ್ತಮ ಚಿತ್ರದ ಪದಕವನ್ನು ಪಡೆದವು. ಬಿ. ವಿ. ಕಾರಂತರ ಚಿತ್ರದಲ್ಲಿ ವಾಸುದೇವರಾಯರು ಬಾರಿಸುವ ದುಡಿ ಕಿವಿಯಲ್ಲಿ ಉಳಿಯುವಂಥದು. ದುಡಿಯನ್ನು ಪ್ರತಿಭಟನೆಯೆಂದು ಕೇಳುವ ಅಭ್ಯಾಸ ನಮಗೆ ಬಲವಾದದ್ದು ಬಹುಶಃ ಆ ಸದ್ದಿನಿಂದಲೇ. ಪುಸ್ತಕದ ದುಡಿಗೆ ಸದ್ದಿಲ್ಲ. ಓದುಗನೇ ಅದನ್ನು ಕಲ್ಪಿಸಿಕೊಳ್ಳಬೇಕು, ಆಗ ಅದರಲ್ಲಿ ಸೋಲೂ ಕೇಳಿಸುತ್ತದೆ.

ಇಷ್ಟನ್ನು ಹೇಳಿದ ಮೇಲೆ ಒಂದು ತಕರಾರು ಉಳಿಯುತ್ತದೆ. ಚೋಮನಿಗೆ ದುಡಿಯಿದೆ, ಶ್ರೀಪತಿಗೆ ಬಯಲಾಟ, ಪುಟ್ಟನಿಗೆ ಕೋಳಿ ಅಂಕ. ಚೋಮನ ಮಗಳು ಬೆಳ್ಳಿಗೆ ಏನಿದೆ? ಗಂಜಿ ಬೇಯಿಸುವವಳು ಅವಳು, ತಮ್ಮಂದಿರನ್ನು ಸಂತೈಸುವವಳು ಅವಳು. ಅಪ್ಪ ರಾತ್ರಿಯೆಲ್ಲ ದುಡಿ ಬಾರಿಸುವಷ್ಟು ನಿಶ್ಚಿಂತನಾಗಿದ್ದರೆ ಅದು ಅವಳ ದುಡಿಮೆಯಿಂದ. ಕಾಫಿ ತೋಟದ ಸಾಲ ತೀರಿದ್ದೂ ಅವಳ ಮೈಯ ಬೆಲೆಯಿಂದಲೇ. ಅದನ್ನು ಅವಳು ಅಪ್ಪನಿಗೆ ಹೇಳಲಿಲ್ಲ. ಮನ್ವೇಲನೊಡನೆ ಅವಳನ್ನು ಕಂಡ ಚೋಮ ಹೊಡೆದು ಹೊರಗಟ್ಟುತ್ತಾನೆ. ದೂರ್ವಾಸಪುರದ ಚಂದ್ರಿಯೂ ಹಾಗೆಯೇ; ಅಗ್ರಹಾರ ಚರ್ಚಿಸುತ್ತ ಕುಳಿತಿದ್ದ ಶವಕ್ಕೆ ರಾತ್ರೋರಾತ್ರಿ ಬೆಂಕಿ ಕೊಡಿಸಿ ಕುಂದಾಪುರದ ದಾರಿ ಹಿಡಿಯುತ್ತಾಳೆ, ಕಾದಂಬರಿ ಅವಳ ಹಿಂದೆ ಹೋಗುವುದಿಲ್ಲ. ಕಾರಂತರೂ ಬೆಳ್ಳಿಯ ಹಿಂದೆ ಹೋಗಲಿಲ್ಲ. ಅಪ್ಪ ಒಳಗಿನಿಂದ ಮುಚ್ಚಿದ ಬಾಗಿಲ ಹೊರಗೆ ಆ ರಾತ್ರಿ ಅವಳು ಎಲ್ಲಿದ್ದಳು, ದುಡಿಯ ಸದ್ದು ನಿಂತದ್ದು ಅವಳಿಗೆ ತಿಳಿಯಿತೆ?