ನೆರೆಮನೆಯ ನಾಯಿ ಮತ್ತು ಶ್ರಾವಕನ ಮಾಧ್ಯಸ್ಥ್ಯ

ಕಳೆದ ಚಾತುರ್ಮಾಸದ ದಿನಗಳಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಹಂಪಾಪುರದಲ್ಲಿ ಬಂಧುಗಳೊಬ್ಬರ ಮನೆಯಲ್ಲಿ ಕೆಲವು ದಿನ ತಂಗುವ ಸಂದರ್ಭ ಒದಗಿತ್ತು. ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ ಸ್ವಾಧ್ಯಾಯಕ್ಕೆ ಕೂರುವುದು ಆ ಮನೆಯ ಪದ್ಧತಿ. ಅಂದು ಓದಿಗೆ ಬಂದದ್ದು ಜೀವಂಧರ ಕುಮಾರನು ಸಾಯುತ್ತಿರುವ ನಾಯಿಗೆ ಪಂಚನಮಸ್ಕಾರ ಮಂತ್ರವನ್ನು ಕೇಳಿಸಿದ ಪ್ರಸಂಗ. ಓದು ನಡೆದಷ್ಟು ಹೊತ್ತೂ ಪಕ್ಕದ ಹಿತ್ತಿಲಿನಲ್ಲಿ ಒಂದು ನಾಯಿ ಊಳಿಡುತ್ತಿತ್ತು. ಓದುವವರು ದನಿ ಏರಿಸಿದರು. ಎದ್ದು ಕಿಟಕಿ ಮುಚ್ಚಿದವನು ನಾನೇ.

ಮರುದಿನ ಬೆಳಿಗ್ಗೆ ಬೇಲಿಯ ಸಂದಿನಿಂದ ಆ ನಾಯಿಯನ್ನು ಕಂಡೆ. ಎರಡು ಮೊಳದ ಸರಪಳಿ, ಒಣಗಿದ ತಟ್ಟೆ, ಕುತ್ತಿಗೆಯ ಸುತ್ತ ಕೂದಲುದುರಿದ ಗಾಯ. ಮನೆಯವರನ್ನು ಕೇಳಿದಾಗ ಮೂರು ಉತ್ತರಗಳು ಬಂದವು. ಮೊದಲನೆಯದು, ‘ನಮ್ಮಲ್ಲಿ ನಾಯಿ ಸಾಕುವ ಪದ್ಧತಿಯಿಲ್ಲ, ನಮಗೇಕೆ ಆ ಉಸಾಬರಿ?’ ಎರಡನೆಯದು, ‘ಹೇಳಹೋದರೆ ನೆರೆಹೊರೆ ಕೆಡುತ್ತದೆ.’ ಮೂರನೆಯದು, ‘ಅದರ ಕರ್ಮ ಅದಕ್ಕೆ.’ ಈ ಮೂರೂ ನಮ್ಮ ಅನೇಕ ಮನೆಗಳಲ್ಲಿ ಸಲೀಸಾಗಿ ಕೇಳಿಬರುವ ಮಾತುಗಳು. ಇವು ನಮ್ಮ ಕಾವ್ಯ ಮತ್ತು ಶಾಸ್ತ್ರಗಳ ಮುಂದೆ ಎಷ್ಟರಮಟ್ಟಿಗೆ ನಿಲ್ಲುತ್ತವೆ ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಜೀವಂಧರನ ಕಥೆಯನ್ನೇ ನೋಡೋಣ. ವಾದೀಭಸಿಂಹನ ಸಂಸ್ಕೃತ ಕೃತಿಗಳಿಂದ ಪ್ರಸಿದ್ಧವಾದ ಈ ಕಥೆಯನ್ನು ಕನ್ನಡದಲ್ಲಿ ಭಾಸ್ಕರಕವಿ 1424ರಲ್ಲಿ ಭಾಮಿನಿ ಷಟ್ಪದಿಯಲ್ಲಿ ಹಾಡಿದ್ದಾನೆ. ನಮ್ಮ ಸೀಮೆಗೆ ದೂರವಲ್ಲದ ತೆರಕಣಾಂಬಿಯ ಬೊಮ್ಮರಸ ಅದನ್ನೇ ಸಾಂಗತ್ಯಕ್ಕೆ ತಂದಿದ್ದಾನೆ. ಪ್ರಸಂಗ ಚಿಕ್ಕದು. ವಸಂತೋತ್ಸವದ ಜಲಕ್ರೀಡೆಯನ್ನು ನೋಡಲು ಜೀವಂಧರ ಹೊರಟಿದ್ದಾನೆ. ದಾರಿಯಲ್ಲಿ, ಯಜ್ಞದ ಹವಿಸ್ಸಿಗೆ ಬಾಯಿಟ್ಟಿತೆಂಬ ಕಾರಣಕ್ಕೆ ಒಂದು ನಾಯಿಯನ್ನು ಸಾಯಬಡಿದಿರುತ್ತಾರೆ. ಕುಮಾರನು ಅದನ್ನು ಬದುಕಿಸಲು ಯತ್ನಿಸುತ್ತಾನೆ. ಸಾಧ್ಯವಾಗದೆ ಹೋದಾಗ ಅದರ ಕಿವಿಯಲ್ಲಿ ಮಂತ್ರವನ್ನು ಹೇಳುತ್ತಾನೆ. ನಾಯಿಯ ಜೀವ ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ, ಮುಂದೆ ಕುಮಾರನಿಗೆ ಕಷ್ಟಕಾಲದಲ್ಲಿ ನೆರವಾಗುತ್ತದೆ.

ಪ್ರವಚನಗಳಲ್ಲಿ ಈ ಪ್ರಸಂಗವು ಮಂತ್ರಮಹಿಮೆಯ ನಿದರ್ಶನವಾಗಿಯೇ ವ್ಯಾಖ್ಯಾನಗೊಳ್ಳುತ್ತದೆ. ಮಂತ್ರದ ಮಹಿಮೆಯಲ್ಲಿ ನನಗೆ ಸಂದೇಹವಿಲ್ಲ. ಆದರೆ ಮಹಿಮೆಯ ಭರದಲ್ಲಿ ಎರಡು ಸಂಗತಿಗಳು ಮರೆಯಾಗುತ್ತವೆ. ಆ ನಾಯಿ ಜೀವಂಧರನದಲ್ಲ. ಅವನು ಅದನ್ನು ಸಾಕಿದವನಲ್ಲ, ಹೊಡೆದವನಲ್ಲ, ಹೊಡೆದವರ ಬಂಧುವೂ ಅಲ್ಲ. ಉತ್ಸವಕ್ಕೆ ಹೊರಟ ದಾರಿಹೋಕ. ‘ನಮಗೇಕೆ’ ಎನ್ನಲು ಅವನಿಗಿದ್ದಷ್ಟು ಅವಕಾಶ ನೆರೆಮನೆಯವನಿಗೂ ಇರುವುದಿಲ್ಲ. ಎರಡನೆಯದು, ಮಂತ್ರವು ಅವನ ಮೊದಲ ಕೆಲಸವಲ್ಲ, ಕೊನೆಯದು. ಮೊದಲು ನಿಂತ, ಬಳಿಗೆ ಹೋದ, ಬದುಕಿಸಲು ನೋಡಿದ. ಕಿವಿಯಲ್ಲಿ ಮಂತ್ರ ಹೇಳಬೇಕಾದರೆ ನೆತ್ತರಾದ ನಾಯಿಯ ತಲೆಯ ಬಳಿ ಮಂಡಿಯೂರಿ ಕೂರಬೇಕು. ಕಿಟಕಿ ಮುಚ್ಚಿ ಓದುವವರಿಗೆ ಆ ಮಂಡಿಯೂರಿದ ಭಂಗಿ ಕಾಣುವುದಿಲ್ಲ.

ಕಥೆಯಲ್ಲಿಯೇ ಒಂದು ಕೊರತೆಯೂ ಇದೆ ಎಂದು ವಿನಯಪೂರ್ವಕವಾಗಿ ಹೇಳಬೇಕಾಗಿದೆ. ಹವಿಸ್ಸಿಗೆ ಬಾಯಿಟ್ಟ ನಾಯಿ ಹಸಿದಿತ್ತೇ, ಅದಕ್ಕೆ ಅನ್ನವಿಡಬೇಕಾದವರು ಯಾರು ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ನಾಯಿ ಸತ್ತು ಯಕ್ಷನಾದ ಮೇಲೆ ಅದಕ್ಕೊಂದು ಹೆಸರು ಬರುತ್ತದೆ. ನಾಯಿಯಾಗಿದ್ದಾಗ ಹೆಸರಿಲ್ಲ. ಉಪಕಾರವನ್ನು ನೆನೆದು ಹಿಂದಿರುಗಿಸುವ ಯಕ್ಷನಿರುವುದರಿಂದ, ನಾಯಿಗೆ ಮಾಡಿದ್ದು ವ್ಯರ್ಥವಾಗಲಿಲ್ಲವೆಂಬ ಸಮಾಧಾನ ಓದುಗನಿಗೆ ದೊರೆಯುತ್ತದೆ. ಹಂಪಾಪುರದ ಹಿತ್ತಿಲಿನ ನಾಯಿ ಏನನ್ನೂ ಹಿಂದಿರುಗಿಸಲಾರದು. ಫಲವಿಲ್ಲದ ಕಡೆ ಕರುಣೆ ನಿಲ್ಲುತ್ತದೆಯೇ ಎಂಬುದೇ ನಿಜವಾದ ಪರೀಕ್ಷೆ.

ನಾಯಿಗೆ ನಾಯಿಯಾಗಿಯೇ ಹೆಸರು ಕೊಟ್ಟ ಒಂದು ಬರಹ ನಮ್ಮ ನಾಡಿನಲ್ಲಿದೆ. ಅದು ಕಾವ್ಯವಲ್ಲ, ಶಾಸನ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲು ಶಕವರ್ಷ 872ರದು, ಎಂದರೆ ಕ್ರಿ.ಶ. 949-50ರದು. ತಕ್ಕೋಲದ ಕಾಳಗದಲ್ಲಿ ಪರಾಕ್ರಮ ಮೆರೆದ ಮಣಲೇರನಿಗೆ ಗಂಗರ ಬೂತುಗನು ಮೆಚ್ಚುಗೆಯಾಗಿ ಏನು ಬೇಕೆಂದು ಕೇಳಿದಾಗ, ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ಒಂದು ಹಂದಿಯೊಡನೆ ಸೆಣಸಿ, ಎರಡೂ ಸತ್ತವು. ಮಣಲೇರನು ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಲ್ಲಿಸಿ, ಭೂಮಿಯನ್ನು ದತ್ತಿ ಬಿಟ್ಟ. ಕಲ್ಲಿನ ಮೇಲೆ ನಾಯಿ ಹಂದಿಗಳ ಕಾಳಗವನ್ನು ಕಡೆದಿದ್ದಾರೆ.

ಬೇಟೆಯ ಈ ಹೊಗಳಿಕೆಯನ್ನು ಅಹಿಂಸಾವ್ರತಿಯು ಒಪ್ಪಲಾರ. ಹಂದಿಯೂ ಒಂದು ಜೀವವೇ. ಆದರೆ ಶಾಸನದ ಕೊನೆಯ ಕಟ್ಟಳೆಯೊಂದು ನಮ್ಮ ಗಮನಕ್ಕೆ ಅರ್ಹವಾಗಿದೆ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಗೈದ ಪಾಪ ಅವನಿಗೆ ತಟ್ಟುತ್ತದೆ ಎಂಬುದು ಅದರ ತಾತ್ಪರ್ಯ. ಗೊರವನು ಆ ನಾಯಿಯ ಒಡೆಯನಲ್ಲ, ಅದನ್ನು ಕಂಡವನೂ ಅಲ್ಲದಿರಬಹುದು. ಆದರೂ ಅವನ ತುತ್ತಿಗೆ ಮೊದಲು ಆ ನಾಯಿಯ ನೆನಪು ಬರಬೇಕು. ಸತ್ತ ನಾಯಿಯ ವಿಷಯದಲ್ಲಿ ಸಾವಿರ ವರ್ಷಗಳ ಹಿಂದೆ ಕಲ್ಲಿನಲ್ಲಿ ಬರೆದುದನ್ನು ಬದುಕಿರುವ ನಾಯಿಯ ವಿಷಯದಲ್ಲಿ ನಮ್ಮ ಶ್ರಾವಕಾಚಾರ ಅದಕ್ಕೂ ಮೊದಲೇ ಹೇಳಿದೆ.

ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರವು ಗುರುತಿಸುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಕೊಲ್ಲುವುದಲ್ಲ, ಹೊಡೆಯುವುದು. ಐದರಲ್ಲಿ ಮೊದಲನೆಯದು ಕಟ್ಟಿಹಾಕುವುದು, ಕೊನೆಯದು ಅನ್ನನೀರುಗಳನ್ನು ತಡೆಯುವುದು. ಜೀವಿಯು ತಾನು ಬಯಸಿದೆಡೆಗೆ ಹೋಗದಂತೆ ತಡೆಯುವುದೇ ಬಂಧವೆಂದೂ, ಹಸಿವು ಬಾಯಾರಿಕೆಗಳ ಬಾಧೆಯನ್ನುಂಟುಮಾಡುವುದೇ ಅನ್ನಪಾನನಿರೋಧವೆಂದೂ ಪೂಜ್ಯಪಾದರು ವಿವರಿಸಿದ್ದಾರೆ. ಕಟ್ಟುವುದು ಅನಿವಾರ್ಯವಾದರೆ, ಬೆಂಕಿಯಂತಹ ಆಪತ್ತಿನಲ್ಲಿ ಬಿಡಿಸಿಕೊಳ್ಳಲು ಬರುವಂತೆ ಸಡಿಲವಾಗಿ ಕಟ್ಟಬೇಕೆಂದೂ, ತನ್ನನ್ನು ನಂಬಿದ ಜೀವಿಗಳು ಉಂಡ ಮೇಲೆ ತಾನು ಉಣ್ಣಬೇಕೆಂದೂ ಹೇಳುವ ವ್ಯಾಖ್ಯಾನಗಳಿವೆ. ಕಾಡಿನಂಚಿನ ಈ ತಾಲ್ಲೂಕಿನಲ್ಲಿ ಆ ಮಾತಿಗೆ ಬೆಂಕಿಯ ಉದಾಹರಣೆಯೂ ಬೇಡ. ಚಿರತೆ ಊರಿಗೆ ಬಂದಾಗ ಬಹುಸಲ ಮೊದಲ ಬಲಿ ನಾಯಿ. ಸರಪಳಿಯಲ್ಲಿರುವ ನಾಯಿಗೆ ಓಡುವ ದಾರಿಯೂ ಇಲ್ಲ.

ಇನ್ನು ಆ ಮೂರು ಉತ್ತರಗಳಿಗೆ ಬರೋಣ.

‘ನಾವು ಸಾಕುವುದಿಲ್ಲ’ ಎಂಬುದಕ್ಕೆ ಶಾಸ್ತ್ರಾಧಾರವಿದೆ, ನಿಜ. ಹಿಂಸ್ರಪ್ರಾಣಿಗಳ ಪೋಷಣೆಯನ್ನು ಅನರ್ಥದಂಡದಲ್ಲಿ ಎಣಿಸಿದ ಗ್ರಂಥಗಳಿವೆ. ಆದರೆ ಆ ನಿಷೇಧವು ಬೇಟೆಗೂ ಹಿಂಸೆಗೂ ಸಾಧನವಾಗುವ ಒಡೆತನಕ್ಕೆ ಹಾಕಿದ ಕಡಿವಾಣ. ಹಸಿದ ಜೀವಿಯ ಕಡೆಗೆ ಬೆನ್ನು ತಿರುಗಿಸಲು ಕೊಟ್ಟ ಅಪ್ಪಣೆಯಲ್ಲ. ಮುಂಬಯಿಯಲ್ಲಿ ಬ್ರಿಟಿಷ್ ಸರ್ಕಾರವು ಬೀದಿನಾಯಿಗಳನ್ನು ಕೊಲ್ಲಿಸತೊಡಗಿದಾಗ, 1832ರಲ್ಲಿ ಪಾರಸಿಗಳ ಮುಂದಾಳತ್ವದಲ್ಲಿ ಗಲಭೆಯೇ ಎದ್ದಿತು. 1834ರಲ್ಲಿ ಪಾರಸಿ ಜಮ್ಶೆಟ್‌ಜೀ ಜೀಜೀಭಾಯ್ ಅವರೊಡನೆ ಸೇರಿ ಅಲ್ಲಿನ ಪಾಂಜರಪೋಳವನ್ನು ಸ್ಥಾಪಿಸಿದವರು ಮೋತೀಚಂದ್ ಅಮೀಚಂದ್ ಶಾ. ನಾಯಿ ಸಾಕಿದವರು ಮಾತ್ರ ನಾಯಿಗಾಗಿ ಕೆಲಸ ಮಾಡಬೇಕೆಂದು ಅವರು ತಿಳಿಯಲಿಲ್ಲ.

‘ಅದರ ಕರ್ಮ’ ಎಂಬ ಮಾತು ಇನ್ನೂ ಅಪಾಯಕಾರಿ. 1209ರಲ್ಲಿ ರಚಿತವಾದ ಜನ್ನನ ಯಶೋಧರಚರಿತೆಯನ್ನು ನೆನೆಯಬಹುದು. ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟ ಸಂಕಲ್ಪಹಿಂಸೆಗೆ ಯಶೋಧರನು ನವಿಲಾಗಿಯೂ, ತಾಯಿ ಚಂದ್ರಮತಿ ನಾಯಿಯಾಗಿಯೂ ಹುಟ್ಟಿ ಅದೇ ಅರಮನೆಗೆ ಬರುತ್ತಾರೆ. ನಾಯಿ ನವಿಲನ್ನು ಹಿಡಿಯುತ್ತದೆ, ಅರಸನ ಏಟಿಗೆ ತಾನೂ ಸಾಯುತ್ತದೆ. ಹೊಡೆದ ಅರಸ ಯಶೋಮತಿ ಆ ನಾಯಿಯ ಮೊಮ್ಮಗನೇ. ನಾಯಿಜನ್ಮ ಚಂದ್ರಮತಿಯ ಕರ್ಮಫಲವೆಂದು ಕವಿ ಹೇಳಿದರೂ, ಹೊಡೆದವನಿಗೆ ಅದು ಕ್ಷಮೆಯಾಗಿ ಒದಗುವುದಿಲ್ಲ. ಪರಜೀವಿಯ ಕರ್ಮದ ಲೆಕ್ಕ ನಮ್ಮ ಕೈಯಲ್ಲಿಲ್ಲ. ಅದರ ನೋವನ್ನು ಕಂಡಾಗ ನಮ್ಮಲ್ಲಿ ಏಳುವ ಭಾವವಷ್ಟೇ ನಮ್ಮದು, ಆಸ್ರವವಾಗುವುದೂ ಅದರಿಂದಲೇ.

ಉಳಿದದ್ದು ‘ನೆರೆಹೊರೆ ಕೆಡುತ್ತದೆ’ ಎಂಬ ಮಾತು. ಮೂರರಲ್ಲಿ ಪ್ರಾಮಾಣಿಕವಾದುದು ಇದೇ, ಕಷ್ಟವಾದುದೂ ಇದೇ. ಇದಕ್ಕೆ ಉತ್ತರವನ್ನು ಅದೇ ಸೂತ್ರಗ್ರಂಥ ಕೊಡುತ್ತದೆ. ಎಲ್ಲ ಜೀವಿಗಳಲ್ಲಿ ಮೈತ್ರಿ, ಗುಣಾಧಿಕರಲ್ಲಿ ಪ್ರಮೋದ, ಕ್ಲೇಶಪಡುವವರಲ್ಲಿ ಕಾರುಣ್ಯ, ತಿದ್ದಲಾಗದವರಲ್ಲಿ ಮಾಧ್ಯಸ್ಥ್ಯ ಎಂದು ನಾಲ್ಕು ಭಾವನೆಗಳು. ನೆರೆಮನೆಯ ನಾಯಿಯ ವಿಷಯದಲ್ಲಿ ಇವನ್ನು ಹಂಚಬೇಕಾದ ರೀತಿ ಸ್ಪಷ್ಟವಾಗಿದೆ: ನಾಯಿಗೆ ಕಾರುಣ್ಯ, ಒಡೆಯನಿಗೆ ಮೈತ್ರಿ, ಅವನು ಕೇಳದಿದ್ದರೆ ಅವನ ವಿಷಯದಲ್ಲಿ ದ್ವೇಷವಿಲ್ಲದ ಮಾಧ್ಯಸ್ಥ್ಯ. ನಾವು ಮಾಡುತ್ತಿರುವುದು ಇದರ ತಿರುವು. ಮಾಧ್ಯಸ್ಥ್ಯವನ್ನು ನಾಯಿಯ ಪಾಲಿಗೆ ಕೊಟ್ಟಿದ್ದೇವೆ, ಒಡೆಯನಿಗೆ ಬೇಲಿಯೀಚೆಯ ನಿಂದೆಯನ್ನು ಕೊಟ್ಟಿದ್ದೇವೆ. ಎದುರಿಗೆ ಹೇಳದೆ ಹಿಂದೆ ಆಡುವ ಈ ಮೌನವನ್ನೇ ನೆರೆಹೊರೆಯ ಸೌಹಾರ್ದವೆಂದು ಕರೆಯುತ್ತಿದ್ದೇವೆ.

ದೇಶದ ಕಾನೂನೂ ಇಲ್ಲಿ ಅತಿಚಾರಗಳ ಹಾದಿಯಲ್ಲಿಯೇ ನಡೆದಿರುವುದು ಗಮನಾರ್ಹ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಪ್ರಕರಣದಂತೆ, ಅತಿ ಗಿಡ್ಡ ಅಥವಾ ಅತಿ ಭಾರದ ಸರಪಳಿಯಲ್ಲಿ ಪ್ರಾಣಿಯನ್ನು ಮಿತಿಮೀರಿ ಕಟ್ಟುವುದು, ಸದಾ ಕಟ್ಟಿದ ನಾಯಿಯನ್ನು ಓಡಾಡಿಸದಿರುವುದು, ಸಾಕಷ್ಟು ಆಹಾರ, ನೀರು, ನೆರಳು ಕೊಡದಿರುವುದು ಅಪರಾಧ. ಆದರೆ ಮೊದಲ ಅಪರಾಧಕ್ಕೆ ಆ ಕಾಯಿದೆ ವಿಧಿಸಿದ ದಂಡ ಹತ್ತರಿಂದ ಐವತ್ತು ರೂಪಾಯಿ. ಬಂಧವೆಂಬ ಅತಿಚಾರದ ಬೆಲೆ ಐವತ್ತು ರೂಪಾಯಿಯಾದಾಗ, ದಂಡದ ಭಯದಿಂದಲೇ ನಾಯಿಯ ಸರಪಳಿ ಸಡಿಲವಾಗುವುದೆಂದು ನಂಬಿ ಕೂರಲಾಗದು.

ಕಡೆಗೆ ನಾನು ಬೇಲಿ ದಾಟಿ ಹೋದೆ. ಮನೆಯ ಯಜಮಾನರು ಬೇಸರಿಸಲಿಲ್ಲ, ಕೂರಲು ಚಾಪೆ ಹಾಕಿದರು. ‘ಏನ್ ಮಾಡ್ಲಿ ಮೇಷ್ಟ್ರೇ? ಬಿಟ್ರೆ ಊರೋರು ಹೊಡೀತಾರೆ, ಕಟ್ಟಿದ್ರೆ ನೀವು ಬೈತೀರಿ. ಹೋದ್ ವರ್ಷ ಒಂದ್ ಮಗುಗೆ ಬಾಯ್ ಹಾಕ್ತು. ನಮ್ಮೋಳು ಆಸ್ಪತ್ರೇಲವ್ಳೆ, ನಾನು ಹೊತ್ತಾರೆ ಹೊಲಕ್ಕೆ ಹೋದ್ರೆ ಬರೋದು ರಾತ್ರಿಗೆ’ ಎಂದರು. ಕ್ರೌರ್ಯವೆಂದು ನಾನು ತೀರ್ಮಾನಿಸಿದ್ದುದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅಸಹಾಯಕತೆಯೇ ಇತ್ತು. ಇಷ್ಟು ತಿಂಗಳು ಗೋಡೆಗೆ ಗೋಡೆ ಹತ್ತಿದ್ದ ನಮ್ಮ ಬಂಧುಗಳಿಗೆ ಆ ಹೆಣ್ಣುಮಗಳು ಆಸ್ಪತ್ರೆಯಲ್ಲಿರುವುದೂ ತಿಳಿದಿರಲಿಲ್ಲ. ನಾಯಿಯ ಗೋಳನ್ನು ಕೇಳಿಸಿಕೊಳ್ಳದ ಕಿವಿಗೆ ಮನುಷ್ಯರ ಗೋಳೂ ಕೇಳಿಸಿರಲಿಲ್ಲ.

ಆಗ ಆದ ಏರ್ಪಾಡು ಸರಳವಾದುದು. ಹಗಲು ನೀರು ಮತ್ತು ಮೊಸರನ್ನ ನಮ್ಮ ಬಂಧುಗಳ ಮನೆಯಿಂದ. ಗಿಡ್ಡ ಸರಪಳಿಯ ಬದಲು, ಎರಡು ಕಂಬಗಳ ನಡುವಿನ ತಂತಿಗೆ ಬಳೆ ಹಾಕಿ ಕಟ್ಟಿದ ಉದ್ದನೆಯ ಹಗ್ಗ. ಚಿರತೆಯ ಭಯವಿರುವುದರಿಂದ ರಾತ್ರಿ ಒಳಜಗಲಿಯಲ್ಲಿ ಬಾಗಿಲು ಹಾಕಿ ಬಿಡುವುದು. ಪಶುವೈದ್ಯರಿಂದ ಗಾಯಕ್ಕೆ ಔಷಧಿ ಮತ್ತು ಹುಚ್ಚುನಾಯಿ ರೋಗದ ಲಸಿಕೆ. ಒಡೆಯನಿಗೆ ತಿಳಿಯದಂತೆ ನಾಯಿಯನ್ನು ಬಿಚ್ಚಿ ಒಯ್ಯುವ ಯೋಚನೆ ಮನೆಯ ಹುಡುಗನೊಬ್ಬನಿಗೆ ಬಂದಿತ್ತು. ಅದು ಅದತ್ತಾದಾನವೆಂದು ತಿಳಿಹೇಳಬೇಕಾಯಿತು. ಒಂದು ವ್ರತವನ್ನು ಉಳಿಸಲು ಇನ್ನೊಂದನ್ನು ಮುರಿಯಬಾರದು. ಮಾತಿಗೆ ಜಗ್ಗದವರು, ಬೇಕೆಂದೇ ಹಿಂಸಿಸುವವರು ಇದ್ದೇ ಇರುತ್ತಾರೆ. ಅಲ್ಲಿ ಊರಿನ ಹಿರಿಯರು, ಪಂಚಾಯಿತಿ, ಕೊನೆಗೆ ಪೊಲೀಸ್ ಠಾಣೆ. ಜೀವಾಪಾಯವಿದ್ದರೆ ಈ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತುತ್ತ ಕೂರುವುದೂ ತಪ್ಪೇ. ದೂರು ಕೊಡುವುದು ಮಾಧ್ಯಸ್ಥ್ಯಕ್ಕೆ ವಿರುದ್ಧವಲ್ಲ, ದ್ವೇಷದಿಂದ ಕೊಡುವುದು ವಿರುದ್ಧ.

ಎಲ್ಲವೂ ಸರಿಹೋಯಿತೆಂದು ಹೇಳಲಾರೆ. ಗಾಯ ಮಾಯಲು ಬಹಳ ದಿನ ಹಿಡಿಯಿತು. ಒಮ್ಮೆ ಕಚ್ಚಿದ ನಾಯಿಯೆಂಬ ಅಂಜಿಕೆ ಓಣಿಯಲ್ಲಿ ಉಳಿದೇ ಇದೆ. ಈಗಲೂ ಕೆಲವು ರಾತ್ರಿ ಅದು ಊಳಿಡುತ್ತದೆಂದು ಬಂಧುಗಳು ಪತ್ರ ಬರೆಯುತ್ತಾರೆ. ಸ್ವಾಧ್ಯಾಯದ ಹೊತ್ತಿನಲ್ಲಾದರೆ ಯಾರಾದರೊಬ್ಬರು ಎದ್ದು ಹೋಗಿ ನೋಡಿ ಬರುತ್ತಾರಂತೆ, ಅಷ್ಟು ಹೊತ್ತು ಓದು ನಿಲ್ಲುತ್ತದಂತೆ. ಜೀವಂಧರನೂ ಅಂದು ಉತ್ಸವದ ದಾರಿಯಲ್ಲಿ ಅಷ್ಟು ಹೊತ್ತು ನಿಂತಿದ್ದ.