ಭೋಗಭೂಮಿಯ ಚಿತ್ರ, ಕರ್ಮಭೂಮಿಯ ಗೋಡೆ

ದುಡಿಯದೆ ಉಣ್ಣುವ ನಾಡಿನ ಕಲ್ಪನೆ ಹಲವು ಜನಸಮುದಾಯಗಳಲ್ಲಿದೆ. ಇಟಲಿಯ ಜನರು ‘ಕುಕಾನ್ಯ’ ಎಂದು ಕರೆದ ಇಂತಹ ನಾಡು ಅಗ್ಗದ ಅಚ್ಚುಚಿತ್ರಗಳ ಮೂಲಕ ಯುರೋಪಿನಲ್ಲಿ ಹರಡಿತು. ಪೀಟರ್ ಬ್ರೂಗಲ್ 1567ರಲ್ಲಿ ಬರೆದ ವರ್ಣಚಿತ್ರದಲ್ಲಿ ರೈತ, ಸೈನಿಕ, ವಿದ್ಯಾವಂತ ಮೂವರೂ ಉಂಡು ಮರದಡಿ ಮೈಚೆಲ್ಲಿದ್ದಾರೆ. ಸುಟ್ಟ ಹಂದಿಯೊಂದು ಮೈಗೆ ಚೂರಿ ಸಿಕ್ಕಿಸಿಕೊಂಡೇ ಓಡಾಡುತ್ತಿದೆ. ಇದು ಹಸಿದವನ ಕನಸಿಗಿಂತ ಸೋಮಾರಿಯ ಗೇಲಿಯೇ ಹೆಚ್ಚು.

ಕನ್ನಡದಲ್ಲಿ ಇದಕ್ಕೆ ಸಮೀಪವಾದುದು ಜೈನರ ಭೋಗಭೂಮಿ. ಪಂಪನ ‘ಆದಿಪುರಾಣ’ವು (ಕ್ರಿ.ಶ. 941) ಒಳಗೊಂಡಿರುವ ಈ ಪರಂಪರೆಯಲ್ಲಿ ಹತ್ತು ಬಗೆಯ ಕಲ್ಪವೃಕ್ಷಗಳು ಊಟ, ಉಡುಗೆ, ಮನೆ, ಬೆಳಕುಗಳನ್ನು ಕೊಡುತ್ತವೆ. ಅವು ಕ್ಷೀಣಿಸಿದ ಮೇಲೆ ವೃಷಭನಾಥನು ಕೃಷಿ ಮೊದಲಾದ ವೃತ್ತಿಗಳನ್ನು ಕಲಿಸುತ್ತಾನೆ. ಆದರೆ ಮೋಕ್ಷದ ದಾರಿ ತೆರೆಯುವುದು ಭೋಗಭೂಮಿಯಲ್ಲಲ್ಲ, ಕರ್ಮಭೂಮಿಯಲ್ಲಿ. ದುಡಿಮೆಯನ್ನು ಶಾಪವೆನ್ನದ ಈ ನಿಲುವು ಗಮನಾರ್ಹ.

ರವಿವರ್ಮನ ಮುದ್ರಣಾಲಯ 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ಮೇಲೆ ಲಕ್ಷ್ಮಿಯ ಚಿತ್ರ ಸಾಮಾನ್ಯರ ಗೋಡೆಗೂ ಬಂದಿತು. ಮುಂದೆ ಶಿವಕಾಶಿಯ ಕ್ಯಾಲೆಂಡರುಗಳಲ್ಲಿ ಆಕೆಯ ಅಂಗೈಯಿಂದ ನಾಣ್ಯ ಸುರಿಯತೊಡಗಿತು. ಕಾಮಧೇನು, ಕಲ್ಪವೃಕ್ಷಗಳೂ ಜೊತೆಗೂಡಿದವು. ಇವನ್ನು ಸೋಮಾರಿತನದ ಹಂಬಲವೆಂದು ಓದುವುದು ಅವಸರದ ತೀರ್ಮಾನ. ಬ್ರೂಗಲ್‌ನಲ್ಲಿ ಕಾಣುವುದು ಉಂಡವನು. ಇಲ್ಲಿ ಕಾಣುವುದು ಕೊಡುವವಳು. ಉಂಡು ಮಲಗಿದವನಿಗೆ ಈ ಚಿತ್ರಗಳಲ್ಲಿ ಜಾಗವೇ ಇಲ್ಲ.

ಇದರ ಅರ್ಥ ತಿಳಿಯಲು ಚಿತ್ರ ತೂಗುವ ಗೋಡೆಯನ್ನು ನೋಡಬೇಕು. ಮುಳಬಾಗಿಲು ತಾಲ್ಲೂಕಿನ ತಾಯಲೂರು ಹೋಬಳಿ ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರ ಜಿಲ್ಲೆಗೆ ಸೇರಿದ್ದು. ಕೆರೆ, ಕೊಳವೆಬಾವಿ, ರಾಗಿ, ಹಸು ಇಲ್ಲಿಯ ಬದುಕು. ಈ ಬಯಲುಸೀಮೆಯ ಕಣದಲ್ಲಿ ರಾಗಿ ಅಳೆಯುವವರು ಮೊದಲ ಕೊಳಗವನ್ನು ‘ಒಂದು’ ಎನ್ನದೆ ‘ಲಾಭ’ ಎಂದೇ ಎಣಿಸುತ್ತಾರೆ. ಬೇಡುವುದು ಬೆಳೆದದ್ದರ ಹುಲುಸನ್ನು, ಬೆಳೆಯುವ ಕೆಲಸದಿಂದ ಬಿಡುಗಡೆಯನ್ನಲ್ಲ. ಚಿತ್ರದಲ್ಲಿ ರಾಶಿಯ ಜಾಗಕ್ಕೆ ನಾಣ್ಯ ಬಂದಿರುವುದು ಮಾತ್ರ ಸಣ್ಣ ಪಲ್ಲಟವಲ್ಲ. ಕ್ಯಾಲೆಂಡರನ್ನು ಹಂಚುವವನು ಒಕ್ಕಲಿಗನಲ್ಲ, ಬಟ್ಟೆ ಅಂಗಡಿಯವನು, ಸಾಲ ಕೊಡುವವನು.

ವಿದ್ವಾಂಸರು ಚಿತ್ರವನ್ನಷ್ಟೇ ಕತ್ತರಿಸಿಕೊಂಡು ಚರ್ಚಿಸುವುದುಂಟು. ಕೆಳಗಿನ ಅರ್ಧವನ್ನು ಬಿಡುವುದು ಸಲ್ಲದು. ಅಲ್ಲಿ ಅಮಾವಾಸ್ಯೆ, ರಾಹುಕಾಲ, ಮಳೆ ನಕ್ಷತ್ರಗಳಿವೆ. ಬಿತ್ತನೆಯ ಲೆಕ್ಕಾಚಾರ ಅದನ್ನು ನೋಡಿಯೇ ನಡೆಯುತ್ತದೆ. ತಾರೀಖಿನ ಚೌಕಗಳಲ್ಲಿ ಮನೆಯಾಕೆ ಪೆನ್ಸಿಲಿನಿಂದ ಡೇರಿಗೆ ಹಾಕಿದ ಹಾಲಿನ ಲೀಟರುಗಳನ್ನು ಬೆಳಿಗ್ಗೆ, ಸಂಜೆ ಎಂದು ಬೇರೆ ಬೇರೆ ಗುರುತಿಸಿರುತ್ತಾಳೆ. ಕಾಮಧೇನುವಿನ ಕೆಳಗೆ ಕರೆದ ಹಾಲಿನ ಲೆಕ್ಕ.